ಪೇಷಂಟ್ ಒಪ್ಪಿಸುವುದು, ಕುರಿ ಒಪ್ಪಿಸುವುದು

ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆದವರನ್ನು ನೋಡಿಕೊಳ್ಳುವ ವಾರ್ಡಿನ ನರ್ಸ್ ನಾನು. ಥಿಯೇಟರಿನ ಬಾಗಿಲು ತೆರೆದರೆ ಸಾಕು, ನನಗೆ ದಿಗಿಲು ಶುರುವಾಗುತ್ತದೆ. ಪೇಷಂಟ್ ಬರುವುದು ಖಂಡಿತ. ಮುಂದೆ ಏನು ಮಾಡಬೇಕೆಂದು ಜೊತೆಗೆ ಬರಬೇಕಾದ ಮಾತು ಬರುತ್ತದೋ ಇಲ್ಲವೋ ದೇವರೇ ಬಲ್ಲ. ಇಷ್ಟು ವರ್ಷವಾದರೂ ಇಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ.

ಕಾರಿನಲ್ಲಿ ಹೋದ ಫೈಲು

ನಮ್ಮ ಸರ್ಜನ್ ಸಾಹೇಬರ ಕೈ ಬಂಗಾರ, ಬಾಯಿಗೆ ಬೀಗ. ಎಂಥ ಆಪರೇಷನ್ ಮಾಡಿದರೂ ಪೇಷಂಟನ್ನು ಒಪ್ಪಿಸುವಾಗ ಒಂದೇ ಮಾತು: "ಸಿಸ್ಟರ್, ಎಲ್ಲಾ ಛಲೋ ಅದ, ನೋಡ್ಕೋರಿ." ಒಮ್ಮೆ ಹಾಗೆ ಹೇಳಿ ಮಾನ್ವಿಯ ಕ್ಲಿನಿಕ್ಕಿಗೆ ಹೊರಟುಬಿಟ್ಟರು. ನಾನು ಗಾಬರಿಯಾಗಿ ಫೋನ್ ಮಾಡಿದೆ.

"ಸರ್, ನೀರು ಯಾವಾಗ ಕುಡಿಸ್ಬೇಕ್ರಿ?"

"ಎಲ್ಲಾ ಫೈಲಿನ್ಯಾಗ ಬರ್ದೀನಿ, ಓದ್ರಿ."

"ಫೈಲ್ ಎಲ್ಲಿ ಅದ್ರಿ?"

"ನನ್ನ ಕಾರಿನ್ಯಾಗ ಅದ. ನೀರಮಾನ್ವಿ ಊರು ದಾಟೀನಿ."

ಗಾಡಿ ನಿಲ್ಲಿಸಿ ಮುಖ್ಯವಾದದ್ದನ್ನು ಓದಿ ಹೇಳಿದರು. ಸಂಜೆ ಫೈಲು ಮಾನ್ವಿಯ ಬಸ್ಸಿನಲ್ಲಿ ಬಂತು. ಕಂಡಕ್ಟರ್ ಅದನ್ನು ನನ್ನ ಕೈಗಿಟ್ಟು, "ಎಲ್ಲಾ ಛಲೋ ಅದ ಅಂತ ಹೇಳಂದಾರ್ರಿ" ಅಂದ.

ಬುಟ್ಟಿಯಲ್ಲಿ ಬಿದ್ದ ಬರಹ

ಅರಿವಳಿಕೆ ಕೊಡುವ ಡಾಕ್ಟರಮ್ಮ ಹಾಗಲ್ಲ, ಎಲ್ಲವನ್ನೂ ಬರೆಯುತ್ತಾರೆ. ಆದರೆ ಅಂಟುಪಟ್ಟಿಯ ಮೇಲೆ ಬರೆದು ಸಲೈನ್ ಬಾಟಲಿಗೆ ಅಂಟಿಸುತ್ತಾರೆ. ಒಂದು ದಿನ ನೋವಿನ ಇಂಜೆಕ್ಷನ್ ಎಷ್ಟು ಹೊತ್ತಿಗೆ ಆಗಿದೆಯೆಂದು ನೋಡಲು ಹೋದರೆ, ಬಾಟಲಿ ಖಾಲಿಯಾಗಿ ಕಸದ ಬುಟ್ಟಿ ಸೇರಿತ್ತು. ಎರಡೆರಡು ಸಲ ಕೊಟ್ಟುಬಿಟ್ಟರೆ ಅನ್ನುವ ದಿಗಿಲಿಗೆ ಬುಟ್ಟಿಯಲ್ಲಿ ಕೈಯಾಡಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಬಂದರು.

"ಏನ್ ಹುಡುಕಾಕತ್ತೀರಿ?"

"ನೀವು ಬರದದ್ದು ಮೇಡಂ."

"ಹಂಗಾದ್ರ ನಿನ್ನಿ ಪೇಷಂಟಿಂದೂ ಅದರಾಗ ಅದ ಏನು ನೋಡ್ರಿ."

ದೇವದುರ್ಗದ ಅಜ್ಜಿ

ದೇವದುರ್ಗದ ಕಡೆಯ ಕುರಿಗಾಹಿ ಅಜ್ಜಿಯೊಬ್ಬಳ ಮಗನಿಗೆ ಹರ್ನಿಯಾ ಆಪರೇಷನ್ ಆಯಿತು. ಸಾಹೇಬರು ಎಂದಿನಂತೆ "ಎಲ್ಲಾ ಛಲೋ ಅದ" ಅಂದರು. ನಾನು ಫೈಲಿನಲ್ಲಿದ್ದ ಇಂಜೆಕ್ಷನ್ ತುಂಬಿಕೊಂಡು ಮಂಚದ ಹತ್ತಿರ ಹೋದೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಹಳೆಯ ಔಷಧದ ಚೀಟಿ ತೆಗೆದಳು.

"ಯವ್ವಾ, ಸೂಜಿ ಮಾಡೂಕಿಂತ ಮೊದ್ಲ ಇದು ನೋಡು. ಹೋದ ವರ್ಷ ಈ ಔಷಧಕ್ಕ ಇವನ ಮಾರಿ ಬಾತು ಉಸುರು ಕಟ್ಟಿತ್ತು. ಮುಂಜಾನಿ ಸಾಹೇಬ್ರಿಗೆ ಹೇಳೀನಲ್ಲ!"

ಚೀಟಿಯಲ್ಲಿದ್ದ ಹೆಸರು, ನನ್ನ ಕೈಯಲ್ಲಿದ್ದ ಔಷಧ ಒಂದೇ. ಸಿರಿಂಜನ್ನು ಟ್ರೇಯಲ್ಲಿ ಕೆಳಗಿಟ್ಟೆ. ಆ ಭಯ ಇವತ್ತಿಗೂ ಬಿಟ್ಟಿಲ್ಲ.

ಅಜ್ಜಿ ಸುಮ್ಮನಿರಲಿಲ್ಲ, ಹೊರಟಿದ್ದ ಸಾಹೇಬರಿಗೆ ಅಡ್ಡ ನಿಂತಳು. "ನಾವು ಇನ್ನೊಬ್ರಿಗೆ ಕುರಿ ಒಪ್ಪಿಸುವಾಗ ಕುಂಟೋದು ಯಾವುದು, ಗಬ್ಬ ಇದ್ದದ್ದು ಯಾವುದು ಎಲ್ಲಾ ಹೇಳ್ತೀವ್ರಿ. ಹೇಳಿದ್ದು ಅವ್ರು ತಿರುಗಿ ಹೇಳೂತನ ಹಿಂಡು ಬಿಟ್ಟು ಹೋಗಂಗಿಲ್ಲ. ನನ್ನ ಮಗ ಕುರಿಗಿಂತ ಕಡಿಮಿ ಏನ್ರಿ?"

ಸಾಹೇಬರು ವಾಪಸು ಬಂದು ಔಷಧ ಬದಲಿಸಿದರು, ಒಂದೊಂದಾಗಿ ಎಲ್ಲವನ್ನೂ ಹೇಳಿದರು. ನಾನು ತಿರುಗಿ ಹೇಳಿದೆ. ಅಂದಿನಿಂದ ನಮ್ಮ ವಾರ್ಡಿನಲ್ಲಿ ಅದೇ ಪದ್ಧತಿ, ಯಾರೂ ಮರೆಯದಿದ್ದರೆ.

ಮಗನನ್ನು ಮನೆಗೆ ಕಳಿಸುವ ದಿನ ಸಾಹೇಬರು ಅಜ್ಜಿಯನ್ನು ಕೂರಿಸಿಕೊಂಡು ಗುಳಿಗೆ ಯಾವಾಗ, ಗಾಯ ಹೇಗೆ ತೊಳೆಯಬೇಕು, ಭಾರ ಎಷ್ಟು ದಿನ ಎತ್ತಬಾರದು, ಎಲ್ಲಾ ವಿವರಿಸಿದರು. ಆಮೇಲೆ ನನ್ನ ಕಡೆ ಹೆಮ್ಮೆಯಿಂದ ನೋಡಿ, "ಈಗ ನೀವು ತಿರುಗಿ ಹೇಳ್ರಿ ಯವ್ವಾ" ಅಂದರು.

ಅಜ್ಜಿ ಮಗನ ಕೈ ಹಿಡಿದು ಎದ್ದಳು. "ಬಸ್ ಹೊಂಟದ ಸಾಹೇಬ್ರ. ಎಲ್ಲಾ ಛಲೋ ಅದ, ನಾ ನೋಡ್ಕೋತೀನಿ."