ಹನ್ನೆರಡು ಪದಗಳ ಜೋಗುಳ

ಮನುಷ್ಯನಿಗೆ ಬುದ್ಧಿ ಬರುವುದು ಒಳ್ಳೆಯದೇ. ಆದರೆ ರಜೆಯ ದಿನ, ಊಟ ಮುಗಿದು, ಹೊಟ್ಟೆ ಭಾರವಾಗಿರುವ ಹೊತ್ತಿನಲ್ಲಿ ಮಾತ್ರ ಬರಬಾರದು. ಲಿಫ್ಟ್ ಕಂಪನಿಯ ಗುಮಾಸ್ತನಿಗೆ ಬಂದದ್ದು ಸರಿಯಾಗಿ ಆ ಹೊತ್ತಿಗೇ.

ಈ ಗುಮಾಸ್ತನ ಕೆಲಸ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರ ಫೋನು ಎತ್ತುವುದು. "ಗಾಬರಿ ಆಗ್ಬೇಡಿ, ನಿಧಾನಕ್ಕೆ ಉಸಿರು ಎಳ್ಕೊಳ್ಳಿ, ನಮ್ಮವರು ದಾರೀಲಿದಾರೆ" ಎಂದು ದಿನವಿಡೀ ಹೇಳುತ್ತಾನೆ. (ನಮ್ಮವರು ಆಗ ಚಹಾ ಕುಡಿಯುತ್ತಿರುತ್ತಾರೆ.) ಊರಿಗೆಲ್ಲ ಧೈರ್ಯ ಹಂಚುವ ಈ ಧೀರ ಮನೆಯಲ್ಲಿ ಧೈರ್ಯದ ವಿಷಯದಲ್ಲಿ ಸ್ವಲ್ಪ ಬಡವ. ಅದು ಆಮೇಲಿನ ಮಾತು.

ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವವಳು. ಕಿತ್ತ ಜಿಪ್ಪು, ಬಿಗಿಯಾದ ರವಿಕೆ, ಉದ್ದವಾದ ಪ್ಯಾಂಟು, ಎಲ್ಲದರ ಸಂಕಟಕ್ಕೂ ಅವಳಲ್ಲಿ ಪರಿಹಾರವಿತ್ತು. ಅವಳ ಮನಸ್ಸು ಮಾತ್ರ ಬೀದಿಯ ತುದಿಯ ಮುದುಕ ಟೈಲರನ ಕಸೂತಿ ಮೆಷಿನ್ನಿನ ಮೇಲಿತ್ತು. ಕಣ್ಣು ಮಂಜಾಗಿ ಅಂಗಡಿ ಮುಚ್ಚುತ್ತಿದ್ದ ಆತ ಅಂದು ಬೆಳಿಗ್ಗೆ ಹೇಳಿ ಕಳಿಸಿದ್ದ: "ಸಂಜೆ ಶಟರ್ ಎಳೆಯೋದ್ರೊಳಗೆ ಬಂದ್ರೆ ಮೆಷಿನ್ನು ನಿನ್ನದು ಕಣಮ್ಮ. ಇಲ್ಲಾಂದ್ರೆ ಆಚೆ ಬೀದಿಯವನು ಗಾಡಿ ತಂದು ಎತ್ಕೊಂಡು ಹೋಗ್ತಾನೆ."

ಮೆಷಿನ್ನಿಗೆಂದು ಅವಳು ಕಾಜಾ ಹೊಲಿದು ಹೊಲಿದು ಕೂಡಿಟ್ಟ ಹಣವಿತ್ತು. ಮದುವೆಯಾದ ಹೊಸದರಲ್ಲಲ್ಲ, ಬುದ್ಧಿ ಬಂದ ಮೇಲೆಯೇ, ಅದನ್ನು ಗಂಡನ ಕೈಗೆ ಕೊಟ್ಟಿದ್ದಳು. "ಡಬ್ಬೀಲಿದ್ರೆ ದುಡ್ಡು ನಿದ್ದೆ ಮಾಡುತ್ತೆ ಕಣೆ, ಕ್ರಿಪ್ಟೊದಲ್ಲಿದ್ರೆ ಮರಿ ಹಾಕುತ್ತೆ" ಎಂದು ಅವನು ಉಪನ್ಯಾಸ ಕೊಟ್ಟಿದ್ದ.

"ಈಗ ಆ ದುಡ್ಡನ್ನ ತಾಯಿ ಮರಿ ಸಮೇತ ವಾಪಸ್ ಕೊಡ್ರಿ" ಎಂದಳು ಹೆಂಡತಿ, ತಟ್ಟೆ ಎತ್ತುತ್ತ.

"ಕೊಡೋಣ. ಅದಕ್ಕೆ ಮೊದ್ಲು ಒಂದು ವ್ಯವಸ್ಥೆ ಮಾಡ್ಬಿಡ್ತೀನಿ."

"ನೀವು ವ್ಯವಸ್ಥೆ ಅಂದ್ರೆ ಮನೇಲಿ ಏನೋ ಒಂದು ಕಾಣೆಯಾಗುತ್ತೆ. ಹೋದ್ಸಲ ಅಡುಗೆಮನೆ ವ್ಯವಸ್ಥೆ ಮಾಡಿದ್ರಿ. ಉಪ್ಪಿನ ಡಬ್ಬಿ ಇನ್ನೂ ಸಿಕ್ಕಿಲ್ಲ."

ವಿಷಯ ಹೀಗಿತ್ತು. ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಕ್ರಿಪ್ಟೊ ನಾಣ್ಯವನ್ನು ಹೊಗಳಿದ್ದರು. ಯಾರ ಮನಸ್ಸನ್ನೂ ನೋಯಿಸಲಾರದ ಗುಮಾಸ್ತ ಎಲ್ಲವನ್ನೂ ಅಷ್ಟಷ್ಟು ಕೊಂಡಿದ್ದ. ಒಂದೊಂದಕ್ಕೂ ಒಂದೊಂದು ವಾಲೆಟ್. ಅಂಗಿಗೆ ಒಂದೇ ಜೇಬು, ಅದೂ ತೂತು. ಫೋನಿನಲ್ಲಿ ಮಾತ್ರ ಐದು ಖಜಾನೆ. ಈ ಐದನ್ನೂ ಒಂದೇ ಆ್ಯಪಿನಲ್ಲಿ ಸೇರಿಸಿ ಏಕಚಕ್ರಾಧಿಪತ್ಯ ಸ್ಥಾಪಿಸಬೇಕೆಂಬುದೇ ಅವನಿಗೆ ಬಂದ ಬುದ್ಧಿ.

ಹೊಸ ಆ್ಯಪು ಇಳಿಯಲು ಫೋನಿನಲ್ಲಿ ಜಾಗವಿರಲಿಲ್ಲ. ಜಾಗವನ್ನೆಲ್ಲ ಮಗಳು ತನ್ನದೇ ಕಾಲ್ಬೆರಳುಗಳ ಫೋಟೊ ತೆಗೆದು ತುಂಬಿಸಿದ್ದಳು. ಅವನ್ನು ಅಳಿಸಿದರೆ ಮನೆಯಲ್ಲಿ ಪ್ರಳಯ. ಹಾಗಾಗಿ ಗುಮಾಸ್ತ ಐದು ಹಳೆಯ ಆ್ಯಪುಗಳನ್ನೇ ಅಳಿಸಿದ.

"ಅಳಿಸಿದ್ರಾ!" ಹೆಂಡತಿಯ ಕೈಯ ತಟ್ಟೆ ಅರ್ಧದಲ್ಲೇ ನಿಂತಿತು.

"ಆ್ಯಪು ಅನ್ನೋದು ಬರೀ ಬಾಗಿಲು ಕಣೆ. ದುಡ್ಡು ಬೇರೆ ಕಡೆ ಇರುತ್ತೆ. ಬೀಗದ ಕೈ ಅಂದ್ರೆ ಹನ್ನೆರಡು ಇಂಗ್ಲಿಷ್ ಪದ. ಅದನ್ನ ಕ್ರಮವಾಗಿ ಹೇಳಿದ್ರೆ ಯಾವ ಆ್ಯಪಲ್ಲಾದ್ರೂ ವಾಲೆಟ್ಟು ತೆರ್ಕೊಳ್ಳುತ್ತೆ."

"ಮರೆತ್ರೆ?"

"ಮರೆತ್ರೆ ಮುಗೀತು. ಅರ್ಜಿ ಹಾಕೋಕೆ ಆಫೀಸಿಲ್ಲ, ಕಾಲಿಗೆ ಬೀಳೋಕೆ ಆಫೀಸರ್ ಇಲ್ಲ. ಆದ್ರೆ ಮರೆಯೋನು ಯಾರು?"

ನಾಲ್ಕು ವಾಲೆಟ್ಟುಗಳ ಪದಗಳನ್ನು ಬೀರುವಿನ ಬೆನ್ನಿಗೆ ಅಂಟಿಸಿಟ್ಟಿದ್ದ. ಬೀರು ಸರಿಸಿ, ಸೊಂಟ ಹಿಡಿಸಿಕೊಂಡು, ನಾಲ್ಕನ್ನೂ ತೆರೆದ. ಅವುಗಳಲ್ಲಿ ಇದ್ದದ್ದು ಚಿಲ್ಲರೆ. ಹೆಂಡತಿಯ ಹಣವಿದ್ದದ್ದು ಐದನೆಯದರಲ್ಲಿ. ಅದರ ಪದಗಳನ್ನು ಗುಮಾಸ್ತ ಎಲ್ಲೂ ಬರೆದಿರಲಿಲ್ಲ. ಕಾಗದವಾದರೆ ಗೆದ್ದಲು, ಫೋನಾದರೆ ಕಳ್ಳ, ಹೆಂಡತಿಯಾದರೆ ತವರುಮನೆ, ಹೀಗೆ ಎಲ್ಲ ಅಪಾಯಗಳನ್ನೂ ತೂಗಿ ನೋಡಿ ಕೊನೆಗೆ ಅವುಗಳನ್ನು ಜೋಗುಳ ಮಾಡಿಬಿಟ್ಟಿದ್ದ.

ಮಗಳು ಆಗ ಎಳೆಗೂಸು. ಅಳುವಿನ ಗೌರವಾರ್ಥ ಅವಳನ್ನು ಮನೆಯಲ್ಲಿ ಪಿಟೀಲು ಎಂದೇ ಕರೆಯುತ್ತಿದ್ದರು, ಈಗಲೂ ಕರೆಯುತ್ತಾರೆ. ಅವಳನ್ನು ಹೆಗಲಿಗೆ ಹಾಕಿಕೊಂಡು ಕೋಣೆಯ ಉದ್ದಗಲ ಅಳೆಯುತ್ತ ಅಪ್ಪ ಹಾಡುತ್ತಿದ್ದ: "ಲೆಮನ್ ಲ್ಯಾಡರ್ ಅಂಬ್ರೆಲಾ, ಜೋ ಜೋ..." ಮಗು ಮಲಗುತ್ತಿತ್ತು, ಖಜಾನೆಯ ಕೀಲಿಕೈ ಗಟ್ಟಿಯಾಗುತ್ತಿತ್ತು. ಒಂದೇ ಕಲ್ಲಿಗೆ ಎರಡು ಹಕ್ಕಿ!

ಈಗ ಗುಮಾಸ್ತ ಗಂಟಲು ಸರಿಮಾಡಿಕೊಂಡು ಹಾಡಲಾರಂಭಿಸಿದ. ನೆಲದ ಮೇಲೆ ಬಣ್ಣ ಬಳಿಯುತ್ತಿದ್ದ ಪಿಟೀಲು, ಈಗ ಶಾಲೆಗೆ ಹೋಗುವ ದೊಡ್ಡ ಮನುಷ್ಯಳು, ತಲೆಯೆತ್ತದೆಯೇ ದನಿಗೂಡಿಸಿದಳು. ಹೆಂಡತಿ ಪದಗಳನ್ನು ಒಂದೊಂದಾಗಿ ಫೋನಿಗೆ ಒತ್ತಿದಳು. "...ಸ್ಪೂನ್, ವಿಂಡೋ, ಟೊಮೆಟೊ, ರ್‍ಯಾಬಿಟ್, ಜೋ ಜೋ..." ಹನ್ನೆರಡೂ ಮುಗಿದವು.

ಆ್ಯಪು ಹೇಳಿತು: ಪದಗಳು ಹೊಂದುತ್ತಿಲ್ಲ.

ಇನ್ನೊಮ್ಮೆ ಹಾಡಿದರು. ಇನ್ನೊಮ್ಮೆಯೂ ಅದೇ. ಗುಮಾಸ್ತ ಪದಗಳನ್ನು ಬೆರಳು ಮಡಚಿ ಎಣಿಸಿ ನೋಡಿದ.

"ರ್‍ಯಾಬಿಟ್ ಅಲ್ಲ" ಎಂದ ಮೆಲ್ಲಗೆ. "ಅಲ್ಲಿ ಬೇರೆ ಏನೋ ಪದ ಇತ್ತು. ಮಗು ಹೆದರುತ್ತೆ ಅಂತ ನಾನೇ ಬದಲಾಯಿಸ್ದೆ. ಅದೇನಿತ್ತು ಅಂತ..."

"ಅಂತ?"

"...ನೆನಪಾಗ್ತಿಲ್ಲ."

ಖಜಾನೆಯ ಕೀಲಿಕೈಯನ್ನು ಮಗುವಿಗೆ ಮೊನೆ ಚುಚ್ಚೀತೆಂದು ಉಜ್ಜಿ ನುಣ್ಣಗೆ ಮಾಡಿದ ಖಜಾಂಚಿ ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು. ಹೆಂಡತಿ ಏನೋ ಹೇಳಲು ಬಾಯಿ ತೆರೆದು, ಮಗಳ ಕಡೆ ನೋಡಿ, ಸುಮ್ಮನಾದಳು.

ವಿಚಾರಣೆ ಶುರುವಾಯಿತು. ಗುಮಾಸ್ತ ಮಗಳೆದುರು ಮಂಡಿಯೂರಿದ.

"ಕಂದಾ, ನೀನು ಚಿಕ್ಕೋಳಿದ್ದಾಗ ಯಾವುದಕ್ಕೆ ಹೆದರ್ತಿದ್ದೆ?"

"ಯಾವುದಕ್ಕೂ ಇಲ್ಲ."

"ಹುಲಿಗೆ?"

"ಹುಲಿ ನಂಗಿಷ್ಟ."

"ದೆವ್ವ? ಹಾವು? ಡಾಕ್ಟರು?"

"ಅಪ್ಪಾ, ನಾನು ಧೈರ್ಯವಂತೆ. ಟೀಚರ್ ಹೇಳಿದಾರೆ. ಆ ಹಸಿರು ಬಣ್ಣ ಕೊಡು."

ಸಾಕ್ಷಿ ಪ್ರತಿಕೂಲವಾದ್ದರಿಂದ ಗುಮಾಸ್ತ ಊಹೆಯ ಮೇಲೆ ಹೊರಟ. ಘೋಸ್ಟ್ ಹಾಕಿದ, ಆಗಲಿಲ್ಲ. ಸ್ನೇಕ್ ಹಾಕಿದ, ಆಗಲಿಲ್ಲ. ಟೈಗರ್ ಹಾಕಿದ. ತಟಕ್ಕನೆ ವಾಲೆಟ್ಟು ತೆರೆದುಕೊಂಡಿತು!

"ನೋಡ್ದ್ಯಾ!" ಎಂದು ಕುಣಿದವನು ಪರದೆ ನೋಡಿ ಕುಸಿದ. ವಾಲೆಟ್ಟಿನಲ್ಲಿ ಸೊನ್ನೆ. ಗುಂಡಗೆ, ಸ್ವಚ್ಛವಾಗಿ, ತೊಳೆದಿಟ್ಟ ಪಾತ್ರೆಯಂಥ ಸೊನ್ನೆ.

"ಹೋಯ್ತು ಕಣೆ... ಯಾರೋ ಗುಡಿಸಿಬಿಟ್ಟಿದಾರೆ... ನಿನ್ನ ಮೆಷಿನ್ನು... ನಾನು ಆಫೀಸಿನವರ ಮಾತು ಕೇಳಿ..." ಅವನು ಗೋಡೆಗೊರಗಿ ಕುಳಿತುಬಿಟ್ಟ. ಬಾಯಿ ಮೀನಿನಂತೆ ತೆರೆದು ಮುಚ್ಚುತ್ತಿತ್ತು.

ಹೆಂಡತಿಯೂ ಬೆಳ್ಳಗಾಗಿದ್ದಳು. ಆದರೂ ಪಕ್ಕದಲ್ಲಿ ಕುಳಿತು ಬೆನ್ನು ಸವರಿದಳು. "ಗಾಬರಿ ಆಗ್ಬೇಡಿ. ನಿಧಾನಕ್ಕೆ ಉಸಿರು ಎಳ್ಕೊಳ್ಳಿ. ಸರಿಯಾಗಿ ಹೇಳಿ, ತಪ್ಪು ಪದ ಹಾಕಿದ್ರೂ ಯಾವ್ದಾದ್ರೂ ವಾಲೆಟ್ಟು ತೆರೆಯೋದುಂಟಾ?"

ಗುಮಾಸ್ತ ಯೋಚಿಸಿದ. "ಅಪರೂಪಕ್ಕೆ... ಹನ್ನೆರಡು ಪದ ಹೇಗೋ ಕೂಡಿಬಂದ್ರೆ... ಯಾರೂ ಇಲ್ಲದ ಖಾಲಿ ವಾಲೆಟ್ಟು ತೆರ್ಕೊಳ್ಳುತ್ತಂತೆ."

"ಹಾಗಿದ್ರೆ ಅದು ನಮ್ಮ ಮನೆ ಅಲ್ಲ, ಪಕ್ಕದ ಖಾಲಿ ಸೈಟು" ಎಂದು ಅವಳು ಎದ್ದಳು. ಹೊರಗೆ ಬಿಸಿಲು ಇಳಿದಿತ್ತು, ಕಿಟಕಿಯಿಂದ ಬೀದಿಯ ತುದಿ ಕಾಣುತ್ತಿತ್ತು. ಟೈಲರನ ಅಂಗಡಿಯ ಮುಂದೆ ಗಾಡಿಯೊಂದು ನಿಂತಿತ್ತು. ಅದರ ಪಕ್ಕದಲ್ಲಿ ಯಾರೋ ಹಗ್ಗ ಬಿಚ್ಚುತ್ತಿದ್ದರು.

"ಪಿಟೀಲೂ, ಒಳಗೋಗಿ ಅಪ್ಪಂಗೆ ನೀರು ತಗೊಂಡ್ ಬಾ."

"ಬಣ್ಣ ಹಾಕ್ತಿದೀನಿ."

"ಹೋಗಮ್ಮಾ."

"ಊಹೂಂ."

ಹೆಂಡತಿ ಒಮ್ಮೆ ಗಾಡಿಯನ್ನು ನೋಡಿದಳು, ಒಮ್ಮೆ ಗಂಡನನ್ನು. ಒಂದು ಕಡೆ ಕಸೂತಿ ಮೆಷಿನ್ನು, ಇನ್ನೊಂದು ಕಡೆ ಗಂಡನ ಮಾನ. ತಕ್ಕಡಿ ಅಷ್ಟೇನೂ ತೂಗಾಡಲಿಲ್ಲ.

"ರೀ, ಹೆದರಿದ್ದು ಮಗು ಅಲ್ಲ. ನೀವು."

"ನಾನಾ?"

"ಆ ಪದ ಬಂದ ಕೂಡ್ಲೆ ನಿಮ್ಮ ದನಿ ಅಡಗೋದು. ಕತ್ತೆತ್ತಿ ಟ್ಯೂಬ್‌ಲೈಟ್ ಹಿಂದೆ ನೋಡೋರು. ಒಂದಿನ ಅಲ್ಲಿಂದ ನಿಜವಾಗ್ಲೂ ಲೊಚಲೊಚ ಅಂತು. ಮಗೂನ ನನ್ನ ಕೈಗೆ ಎಸೆದು ಮಂಚ ಹತ್ತಿ ನಿಂತ್ರಿ. ಮಾರನೇ ದಿನದಿಂದ ಮೊಲ ಬಂತು. ಲಿಜರ್ಡ್ ಅಂತ ಹಾಕ್ರಿ. ಹಲ್ಲಿ!"

ಗುಮಾಸ್ತನಿಗೆ ಬೆನ್ನಹುರಿಯಲ್ಲಿ ಏನೋ ಹರಿದಂತಾಯಿತು. ನೆನಪು ಬಲು ಸ್ವಾಮಿನಿಷ್ಠ. ಒಡೆಯನ ಮಾನ ಕಾಯಲು ಇಷ್ಟು ದಿನ ಹಲ್ಲಿಯನ್ನು ಗುಡಿಸಿ ಆಚೆ ಹಾಕಿ, ಆ ಅಪವಾದವನ್ನು ಹಸುಗೂಸಿನ ತಲೆಗೆ ಕಟ್ಟಿತ್ತು.

"ಗೊತ್ತಿದ್ದೂ ಇಷ್ಟೊತ್ತು ಸುಮ್ನಿದ್ಯಾ?"

"ಮಗಳ ಮುಂದೆ ಹೇಗ್ರೀ ಹೇಳ್ಲಿ? ಅವಳ ಪಾಲಿಗೆ ನೀವೇ ಹುಲಿ. ನಿಮಗೇ ನೆನಪಾಗುತ್ತೇನೋ ಅಂತ ಕಾದೆ."

ಗುಮಾಸ್ತ ತುದಿಬೆರಳಲ್ಲಿ ಹಲ್ಲಿಯನ್ನು ಒತ್ತಿದ. ವಾಲೆಟ್ಟು ತೆರೆಯಿತು. ಹಣವಿತ್ತು! ಮರಿ ಹಾಕಿರಲಿಲ್ಲ, ನಿಜ. ತಾಯಿಯೇ ಸ್ವಲ್ಪ ಬಡಕಲಾಗಿತ್ತು. ಆದರೆ ಉಳಿದ ನಾಲ್ಕರ ಚಿಲ್ಲರೆಯೂ ಅದೇ ಆ್ಯಪಿಗೆ ಬಂದಿದ್ದರಿಂದ ಎಲ್ಲ ಮಾರಿದಾಗ ಮೆಷಿನ್ನಿನ ಬೆಲೆಗೆ ಸರಿಹೋಯಿತು. "ನೋಡ್ದ್ಯಾ, ವ್ಯವಸ್ಥೆ ಅಂದ್ರೆ ಇದು" ಎನ್ನಲು ಬಾಯಿ ತೆರೆದ ಗುಮಾಸ್ತ, ಹೆಂಡತಿಯ ಮುಖ ನೋಡಿ, ಆ ಮಾತನ್ನು ನುಂಗಿ ಚಪ್ಪಲಿ ಹಾಕಿಕೊಂಡ. ಹೊಸ ಆ್ಯಪಿನ ಬೀಗಕ್ಕೆ ಅವಳು ಆಗಲೇ ತನ್ನ ಹೆಬ್ಬೆರಳು ಒತ್ತಿಯಾಗಿತ್ತು.

ಮೂವರೂ ಬೀದಿಗಿಳಿದರು. ಹೆಂಡತಿ ಮುಂದೆ ಮುಂದೆ, ಓಡುವುದೊಂದು ಬಾಕಿ. ದೂರದಿಂದಲೇ ಕೈಬೀಸಿ "ಅಜ್ಜಾ, ಬಂದೆ! ಮೆಷಿನ್ನು ಮುಟ್ಟಕ್ ಬಿಡ್ಬೇಡಿ!" ಎಂದು ಕೂಗಿದಳು. ಶಟರಿಗೆ ಕೈ ಹಾಕಿದ್ದ ಮುದುಕ ಕೈ ಇಳಿಸಿದ. ಗಾಡಿಯವನು ಗೊಣಗುತ್ತ ಹಗ್ಗ ಸುತ್ತಿಕೊಂಡ.

ಗುಮಾಸ್ತ ಹಿಂದೆ, ಮಗಳ ಕೈ ಹಿಡಿದು ಬರುತ್ತಿದ್ದ. ಬೀದಿಯ ಉದ್ದಕ್ಕೂ ಒಂದು ಹಳೆಯ ಕಲ್ಲಿನ ಗೋಡೆ, ಸಂದು ಸಂದಿನಲ್ಲಿ ಬಿರುಕು. ಪಿಟೀಲು ಗಂಭೀರವಾಗಿ ಗೋಡೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ಅವನ ಕೈಬಿಟ್ಟು, ಸುತ್ತಿ ಬಂದು, ಇನ್ನೊಂದು ಕೈ ಹಿಡಿದುಕೊಂಡಳು.

"ಅಪ್ಪಾ, ನೀನು ಆ ಕಡೆ ನಡಿ. ಗೋಡೆ ಕಡೆ ನಾನಿರ್ತೀನಿ."