ಸಂಗಮದ ಮೆಟ್ಟಿಲ ಮೇಲೆ ಒಂದು ಅಕಸ್ಮಾತ್ ಭೇಟಿ

ಮಗಳ ಮದುವೆ ಕುದುರಿಸುವುದು ದೊಡ್ಡ ವಿಷಯವೇನಲ್ಲ ಎಂದು ನಾನು ನಂಬಿದ್ದೆ. ನಂಜನಗೂಡಿನ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಫೈಲು ಕುದುರಿಸಿದವನು ನಾನು. ಆದರೆ ಮಗಳು ರಶ್ಮಿ ಒಂದೇ ಮಾತಲ್ಲಿ ಫೈಲು ವಾಪಸ್ ಕಳಿಸಿದಳು.

"ಅಪ್ಪಾಜಿ, ಕೇಸರಿಬಾತ್ ತಟ್ಟೆ ಹಿಡ್ಕೊಂಡು ಯಾರ ಮುಂದೆನೂ ಕೂರಲ್ಲ. ಸಿಗೋರಾದ್ರೆ ಅಕಸ್ಮಾತ್ ಸಿಗ್ತಾರೆ."

ಅವಳು ಶಾಲೆಯಲ್ಲಿ ವಿಜ್ಞಾನದ ಟೀಚರು. ಮನೆಗೆ ಬಂದರೆ ಹರೆಯದವರ ಪ್ರೇಮ ಕಾದಂಬರಿ. ಏನಿದೆ ಅದರಲ್ಲಿ ಎಂದು ಒಂದನ್ನು ತೆಗೆದು ಓದಿದೆ. ಮುಗಿಸಿ, ಮತ್ತೆ ಮೊದಲಿಂದ ಓದಿದೆ. ಅದರ ಹುಡುಗಿಗೆ ಏಳು ಸಲ ಬಸ್ಸು ತಪ್ಪುತ್ತದೆ. ಒಂದೊಂದು ಸಲವೂ ಅದೇ ಹುಡುಗ ಎದುರಾಗುತ್ತಾನೆ, ಒಂದೊಂದು ಸಲವೂ ಏನೋ ಎಡವಟ್ಟಾಗುತ್ತದೆ. ಆದರೂ ಅವಳು, ನಾಳೆ ಸರಿಹೋಗುತ್ತೆ ಎನ್ನುತ್ತಾಳೆ. ನನಗೆ ಒಂದು ಬಸ್ಸು ತಪ್ಪಿದರೆ ಆ ದಿನವೆಲ್ಲ ಮನೆಯವರಿಗೆ ಬೈಗುಳ. ನಿಜವಾಗಿ ಹೇಳ್ತೀನಿ, ಆ ಹುಡುಗಿಯ ಮೇಲೆ ಗೌರವ ಬಂತು.

ಸರಿ, ಅಕಸ್ಮಾತ್ತನ್ನು ನಾನೇ ವ್ಯವಸ್ಥೆ ಮಾಡುವುದೆಂದು ತೀರ್ಮಾನಿಸಿದೆ.

ಟಿ. ನರಸೀಪುರದಲ್ಲಿ ಮಹೇಶ ಅಂತ ಒಬ್ಬ ಹುಡುಗ. ಹೈಸ್ಕೂಲು ಮೇಷ್ಟ್ರು, ನನ್ನ ಸಹೋದ್ಯೋಗಿಯ ಅಕ್ಕನ ಮಗ. ಫೋನಿನಲ್ಲಿ ಅವನಿಗೆ ಸೂಚನೆ ಕೊಟ್ಟೆ: ಭಾನುವಾರ ಹತ್ತೂವರೆಗೆ ಅಲ್ಲಿನ ಹೊಳೆ ಸಂಗಮದ ಮೆಟ್ಟಿಲ ಮೇಲೆ ನೀಲಿ ಶರ್ಟು ಹಾಕಿಕೊಂಡು ನಿಲ್ಲತಕ್ಕದ್ದು, ಕೈಯಲ್ಲಿ ಅದೇ ಕಾದಂಬರಿ ಇರತಕ್ಕದ್ದು. "ಹುಡುಗಿಗೂ ಗೊತ್ತು," ಎಂದು ಒಂದು ಸುಳ್ಳನ್ನೂ ಸೇರಿಸಿದೆ.

ಹೆಂಡತಿ ಮಂಜುಳಾ, "ರೀ, ಬೇಡ ಕಣ್ರೀ," ಅಂದಳು. ಕೇಳಲಿಲ್ಲ.

ಭಾನುವಾರ ಹೊಳೆ ನೋಡುವ ನೆಪದಲ್ಲಿ ಮಗಳನ್ನು ಕರೆದುಕೊಂಡು ಹೋದೆ. ನೀಲಿ ಶರ್ಟು ಬೆನ್ನು ಮಾಡಿ ನಿಂತಿತ್ತು. ಹಿಂದಿನಿಂದ ಹೋಗಿ, ನನ್ನ ಕೈಯಲ್ಲಿದ್ದ ರಶ್ಮಿಯ ಬ್ಯಾಗನ್ನು ಮೆಲ್ಲಗೆ ಅದರ ಕಾಲ ಬುಡಕ್ಕೆ ಬೀಳಿಸಿದೆ. ಶರ್ಟು ತಿರುಗಿತು. ಅರವತ್ತು ದಾಟಿದ ಯಜಮಾನರು.

"ಬ್ಯಾಗು ಭದ್ರವಾಗಿ ಇಟ್ಕೊಳವ್ವ," ಎಂದು ರಶ್ಮಿಗೆ ಎತ್ತಿಕೊಟ್ಟು, "ಕವಲಂದೆ ಬಸ್ ಎಷ್ಟೊತ್ಗೆ?" ಅಂತ ಕೇಳಿದರು.

ಅಷ್ಟರಲ್ಲಿ ಮೇಲಿನಿಂದ ಒಂದು ದನಿ: "ಅಂಕಲ್, ನಾನು ಇಲ್ಲಿದ್ದೀನಿ. ಈಗ ಬರ್ಲಾ?"

ಸುಮ್ಮನಿರು ಎಂದು ಎರಡೂ ಕೈ ಬೀಸಿದೆ. ಪಾಚಿ ಕಟ್ಟಿದ ಮೆಟ್ಟಿಲು. ಕೈ ಬೀಸಿದ ನೆನಪಿದೆ. ಆಮೇಲೆ ಸೊಂಟದ ತನಕ ನೀರು.

ಒಂದು ಕೈ ಮಗಳು ಹಿಡಿದಳು, ಇನ್ನೊಂದು ಮಹೇಶ. ದಡಕ್ಕೆ ಬಂದ ಮೇಲೆ ರಶ್ಮಿ ಅವನ ಕೈಯಲ್ಲಿದ್ದ ಪುಸ್ತಕ ನೋಡಿದಳು, ನನ್ನ ಮುಖ ನೋಡಿದಳು.

"ಇದೂ ಹೆಣ್ಣು ನೋಡೋ ಶಾಸ್ತ್ರನೇ ಅಲ್ವಾ ಅಪ್ಪಾಜಿ? ಕೇಸರಿಬಾತ್ ಬದ್ಲು ನೀರು." ನಗುತ್ತಿದ್ದಾಳೆ ಅಂದುಕೊಂಡೆ. ನಗು ಅಲ್ಲ ಅದು, ಅಳು. ಬ್ಯಾಗು ತೆಗೆದುಕೊಂಡು ಹೊರಟೇಬಿಟ್ಟಳು. ಆಗ ನನಗೆ ಒದ್ದೆ ಬಟ್ಟೆಗಿಂತ ಬೇರೆ ಏನೋ ಚಳಿ ಹತ್ತಿತು.

"ನಿಮಗೂ ಗೊತ್ತಿದೆ ಅಂದಿದ್ರು. ಇಲ್ಲದಿದ್ರೆ ಬರ್ತಿರಲಿಲ್ಲ. ಕ್ಷಮಿಸಿ," ಅಂದ ಮಹೇಶ. ಅವಳು ನಿಲ್ಲಲಿಲ್ಲ. "ಪುಸ್ತಕ ಮಾತ್ರ ನಿಜವಾಗ್ಲೂ ಓದಿದೆ. ಆ ಹುಡುಗಿಯ ಆಶಾವಾದ ಸ್ವಲ್ಪ ಅತಿಯಾಯ್ತು ಅನ್ನಿಸ್ತು."

ರಶ್ಮಿ ನಿಂತಳು. ತಿರುಗಿದಳು. "ಅತಿ ಅಂದ್ರೆ?"

"ಏಳು ಸಲ ಬಸ್ ತಪ್ಪಿದ್ಮೇಲೂ ನಗ್ತಾಳೆ."

"ಎಂಟನೇ ಬಸ್ ಇದೆಯಲ್ಲ. ಅದನ್ನ ನೀವು ಓದಲೇ ಇಲ್ಲ."

ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ವಾದ ಶುರುಮಾಡಿದರು. ನಾನು ನಡುವೆ ಬಾಯಿ ಹಾಕಿದೆ. "ನೀವು ಬಿಸ್ಲಲ್ಲಿ ನಿಂತ್ಕೊಳ್ಳಿ ಅಪ್ಪಾಜಿ," ಅಂದಳು. ನಿಂತೆ. ಅಂಗಿ ಒಣಗಿತು, ಪಂಚೆ ಒಣಗಿತು, ವಾದ ಒಣಗಲಿಲ್ಲ. ಕೊನೆಗೆ, "ನೀವು ಹೋಗಿರಿ, ನಾನು ಮುಂದಿನ ಬಸ್ಸಿಗೆ ಬರ್ತೀನಿ," ಎಂದಳು.

ಮನೆಯಲ್ಲಿ ಮಂಜುಳಾ ಬಾಗಿಲಲ್ಲೇ ಕೇಳಿದಳು: "ಹುಡುಗ ಹೆಂಗವ್ನೆ?"

"ಗೊತ್ತಿಲ್ಲ ಕಣೆ. ನನ್ನ ಹತ್ರ ಅವನು ಮಾತಾಡಿದ್ದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಕೊಡೋಕೆ ಹೋಗಿ ನಾನು ಹೊಳೆಗೆ ಬಿದ್ದೆ."