ಸೂರ್ಯನ ಹಿಂದೆ ಓಡಿಸಿದ ಮೋಟಾರು

ನನ್ನ ಗ್ರಹಚಾರವೋ ಏನೋ, ನಾನು ಕೈಹಾಕಿದ ಯಂತ್ರದ ಸುತ್ತ ಇಂಥವು ನಡೆಯುತ್ತಲೇ ಇರುತ್ತವೆ. ಈಗ ನಗುತ್ತೇನೆ. ಆಗ ನಗು ಬರುತ್ತಿರಲಿಲ್ಲ.

ಯುದ್ಧದ ಕಾಲ. ಮಂಡ್ಯದ ಒಂದು ಹೈಸ್ಕೂಲಿನಲ್ಲಿ ನಾನು ಹಂಗಾಮಿ ಸೈನ್ಸ್ ಮೇಷ್ಟ್ರು. ಊರಿನ ದೊಡ್ಡವರೊಬ್ಬರು ಲಿಲಾವಿನಲ್ಲಿ ಕೊಂಡ ಹಳೆಯ ದುರ್ಬೀನೊಂದನ್ನು ಶಾಲೆಗೆ ದಾನ ಕೊಟ್ಟಿದ್ದರು. ಅದರ ಕಬ್ಬಿಣದ ಸ್ಟ್ಯಾಂಡಿನೊಳಗೆ ಪುಟ್ಟ ಕರೆಂಟು ಮೋಟಾರು. ಭೂಮಿ ತಿರುಗುವುದರಿಂದ ಸೂರ್ಯ, ಚಂದ್ರ, ನಕ್ಷತ್ರ ಎಲ್ಲವೂ ದುರ್ಬೀನಿನ ಕಣ್ಣಿನಿಂದ ಜಾರಿಹೋಗುತ್ತವಲ್ಲ, ಹಾಗೆ ಜಾರದಂತೆ ಈ ಮೋಟಾರು ದುರ್ಬೀನನ್ನು ಮೆಲ್ಲಗೆ ಅವುಗಳ ಹಿಂದೆ ತಿರುಗಿಸಬೇಕು. ಇದೋ ತಿರುಗುವುದನ್ನು ಬಿಟ್ಟು ಗೊರಗೊರ ಅನ್ನುತ್ತಿತ್ತು.

ಹೆಡ್‌ಮಾಸ್ತರರು ಕರೆದು ಹೇಳಿದರು: "ಮುಂದಿನ ತಿಂಗಳು ಇನ್‌ಸ್ಪೆಕ್ಟರ್ ಸಾಹೇಬರು ಇದನ್ನೇ ನೋಡೋಕೆ ಬರ್ತಾರೆ. ಇದು ನಡೆದರೆ ನಿಮ್ಮ ಕೆಲಸ ಖಾಯಂ. ಇಲ್ಲದಿದ್ದರೆ ಬೇರೆ ಊರು ನೋಡ್ಕೊಳ್ಳಿ."

ಮನೆಯಲ್ಲಿ ಹೆಂಡತಿ ತುಂಬು ಗರ್ಭಿಣಿ. ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ.

೧. ವಾರವಾರದ ಎಣ್ಣೆ

ಮದ್ದೂರಿನಲ್ಲಿ ಹೊಲಿಗೆ ಮಿಷನ್ನು, ಗ್ರಾಮಫೋನು ರಿಪೇರಿ ಮಾಡುವ ಸಾಬರೊಬ್ಬರಿದ್ದರು. ಕೈಕಾಲು ಹಿಡಿದು ರೈಲಿನಲ್ಲಿ ಕರೆತಂದೆ. ಅವರು ಸ್ಟ್ಯಾಂಡು ಬಿಚ್ಚಿ, ಮೂಗು ಹತ್ತಿರ ತಂದು ಮೂಸಿದರು. ಹಲ್ಲುಚಕ್ರವೆಲ್ಲ ಕರ್ರಗೆ ಅಂಟು.

"ಮೇಷ್ಟ್ರೇ, ಇದು ಎತ್ತಿನಗಾಡಿ ಕೀಲೆಣ್ಣೆ. ಇದ್ರಾಗೆ ಹುಲ್ಲು ಸುಟ್ಟ ಬೂದಿ ಐತೆ. ಅದೇ ಹಲ್ಲು ತಿಂದಾಕೈತೆ."

ಹೆಡ್‌ಮಾಸ್ತರರು ದುರ್ಬೀನು ನೋಡಿಕೊಳ್ಳುತ್ತಿದ್ದ ಶಾಲೆಯ ಜವಾನನ ಮೇಲೆ ಹರಿಹಾಯ್ದರು. "ಲೋ, ಇದೇನು ನಿಮ್ಮಪ್ಪನ ಗಾಡಿ ಅಂದ್ಕೊಂಡ್ಯೇನೋ?"

ಜವಾನನಿಗೆ ನಿಜಕ್ಕೂ ನೋವಾಯಿತು. "ಎಲ್ಲಾರ ಉಂಟಾ ಸಾಮಿ! ನಮ್ಮಪ್ಪನ ಗಾಡಿಗೆ ತಿಂಗ್ಳಿಗೊಂದ್ ಸಲ ಬುಡ್ತೀನಿ. ಇದು ಇಸ್ಕೂಲಿಂದು ಅಂತ ವಾರವಾರ ಬುಟ್ಟಿವ್ನಿ."

೨. ಸಡಿಲ

ಸಾಬರು ಸೀಮೆಎಣ್ಣೆಯಲ್ಲಿ ತೊಳೆದು, ಚಕ್ರದ ಹಲ್ಲುಗಳ ಮೇಲೆ ಉಗುರು ಎಳೆದು ನೋಡಿದರು. ದುರ್ಬೀನು ಇಟ್ಟಿದ್ದ ಶಾಲೆಯ ಜಗಲಿಯಿಂದ ಕಾಣುತ್ತಿದ್ದದ್ದು ಆಕಾಶದ ಒಂದೇ ಪಕ್ಕ. ಹಾಗಾಗಿ ಚಕ್ರದ ಒಂದೇ ಪಕ್ಕ ಸವೆದಿತ್ತು. ಉಳಿದ ಮುಕ್ಕಾಲು ಪಾಲು ಹೊಸದರಂತಿತ್ತು.

"ಆಲೆಮನೆ ಗಾಣದಾಗೆ ಉರುಳೆ ಒಂದು ತುದಿ ಸವೆದ್ರೆ ಏನ್ಮಾಡ್ತಾರೆ? ತಿರುಗ್ಸಿ ಹಾಕ್ತಾರೆ. ಇದ್ಕೂ ಅಷ್ಟೇ ಬುಡಿ" ಎಂದು ಚಕ್ರವನ್ನು ಕಳಚಲು ಮರದ ಸುತ್ತಿಗೆಯಿಂದ ಬಡಿಯತೊಡಗಿದರು. ಒಂದೊಂದು ಏಟಿಗೂ ನನ್ನ ನೌಕರಿ ಒಂದೊಂದು ಚೂರು ಉದುರಿದ ಹಾಗಾಗುತ್ತಿತ್ತು.

ಅರ್ಧ ಸುತ್ತು ತಿರುಗಿಸಿ ಕೂರಿಸಿದ್ದಾಯಿತು. "ಎಲ್ಲಾದರೂ ಅಲ್ಲಾಡ್ತದಾ, ದುರ್ಬೀನಿನ ಕೊಳವೆ ಹಿಡಿದು ನೋಡಿ" ಎಂದರು. ಹಿಡಿದೆ. ಗಡಗಡ ಅಲ್ಲಾಡಿತು.

"ಸಾಬರೇ, ಎಲ್ಲ ಹೋಯ್ತು! ಮೊದಲಿಗಿಂತ ಸಡಿಲ ಆಗಿದೆ!"

"ಕೈ ಬುಡಿ." ಬಿಟ್ಟೆ. ಕೊಳವೆ ಕಲ್ಲಿನ ಹಾಗೆ ನಿಂತಿತು.

"ಚಕ್ರ ಸರಿಯಾಗೈತೆ. ಅಲ್ಲಾಡ್ತಿರೋರು ನೀವು. ಅದ್ನ ರಿಪೇರಿ ಮಾಡಾಕೆ ನನ್ಹತ್ರ ಸಾಮಾನಿಲ್ಲ."

೩. ತೂಕದ ಬೆಲ್ಲ

ಕೊಳವೆಯ ಭಾರಕ್ಕೆ ಸಮನಾಗಿ ಇನ್ನೊಂದು ತುದಿಯಲ್ಲಿ ಇರಬೇಕಾದ ಕಬ್ಬಿಣದ ಗುಂಡು ಯಾವ ಕಾಲಕ್ಕೋ ಕಳೆದುಹೋಗಿತ್ತು. ಹೆಡ್‌ಮಾಸ್ತರರು ಉಪಾಯ ಹೇಳಿದರು: ಬೆಲ್ಲದ ಅಚ್ಚುಗಳನ್ನು ಚೀಲಕ್ಕೆ ತುಂಬಿ ನೇತುಹಾಕಿ, ಹೆಚ್ಚಾದರೆ ಒಂದು ತೆಗೆಯಿರಿ, ಕಡಿಮೆಯಾದರೆ ಒಂದು ಹಾಕಿ. ಮಂಡ್ಯದಲ್ಲಿ ಬೆಲ್ಲಕ್ಕೇನು ಬರವೇ?

ಸೋಮವಾರ ಅಚ್ಚುಕಟ್ಟಾಗಿ ನಡೆಯಿತು. ಮಂಗಳವಾರ ಕೊಳವೆ ಕೊಂಚ ಮುಂದಕ್ಕೆ ಬಾಗಿತು. ಬುಧವಾರ ಮೋಟಾರು ಏದುಸಿರು ಬಿಟ್ಟಿತು. ನಾನು ಮೋಟಾರನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದೆ. ಇನ್‌ಸ್ಪೆಕ್ಟರು ಬರಲು ಇನ್ನು ಆರೇ ದಿನ. ಹೆಂಡತಿಗೆ ಪೆಟ್ಟಿಗೆ ಕಟ್ಟು ಎಂದೇ ಹೇಳಿಬಿಟ್ಟೆ.

ಗುರುವಾರ ಚೀಲ ಬಿಚ್ಚಿದರೆ ಅರ್ಧ ಬೆಲ್ಲ ಇಲ್ಲ! ಸಕ್ಕರೆಗೆ ರೇಷನ್ನು ಬಂದಿದ್ದ ಕಾಲ. ಮೇಷ್ಟ್ರುಗಳ ಕೋಣೆಯಲ್ಲಿ ನಾಲ್ಕು ದಿನದಿಂದ ಕಾಫಿ ಏಕೆ ಅಷ್ಟು ಸಿಹಿಯಾಗಿತ್ತೆಂದು ಆಗ ಹೊಳೆಯಿತು. ನಾನೂ ದಿನಕ್ಕೆ ಎರಡು ಲೋಟ ಕುಡಿದಿದ್ದೆ.

ಬೆಲ್ಲ ತೆಗೆದು ಮರಳು ತುಂಬಿದೆ. ಮರುದಿನ ಡ್ರಾಯಿಂಗ್ ಮೇಷ್ಟ್ರು ಮುಖ ಸಿಂಡರಿಸಿಕೊಂಡು ಬಂದರು: "ನಿಮ್ಮ ದುರ್ಬೀನು ಕೆಟ್ಟಿದೆ ಕಣ್ರೀ, ಒಳಗೆಲ್ಲ ಬರೀ ಮರಳು."

೪. ಸಾಹೇಬರ ಪರೀಕ್ಷೆ

ಇನ್‌ಸ್ಪೆಕ್ಟರು ಮಂಗಳವಾರ ಮೂರಕ್ಕೆ ಬರುವವರು. ಮೂರರಿಂದ ನಾಲ್ಕೂವರೆ ರಾಹುಕಾಲ. "ಮೊದಲೇ ಸ್ವಿಚ್ಚು ಹಾಕಿಬಿಡಿ, ರಾಹುಕಾಲ ಮುಗಿಯೋವರೆಗೂ ಯಾರೂ ಮುಟ್ಟಕೂಡದು" ಎಂದು ಹೆಡ್‌ಮಾಸ್ತರರ ಕಟ್ಟಪ್ಪಣೆ. ದುರ್ಬೀನಿನ ಹಿಂದೆ ಕಾಗದ ಹಿಡಿಸಿ, ಅದರ ಮೇಲೆ ಬಿದ್ದ ಸೂರ್ಯನ ಬಿಂಬದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಎರಡೂಮುಕ್ಕಾಲಿಗೆ ಸ್ವಿಚ್ಚು ಹಾಕಿದೆ.

ಮಳವಳ್ಳಿಯಿಂದ ಸಾಹೇಬರು ಬರುತ್ತಿದ್ದ, ಪೆಟ್ರೋಲಿಗೆ ಬದಲು ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ದಾರಿಯಲ್ಲಿ ಕೆಮ್ಮಿ ನಿಂತಿತಂತೆ. ಬಂದಾಗ ನಾಲ್ಕೂಕಾಲು. ಒಂದೂವರೆ ಗಂಟೆ ಯಾರೂ ಮುಟ್ಟದ ಯಂತ್ರ! ಕಣ್ಣು ಮುಚ್ಚಿಕೊಂಡೇ ಹತ್ತಿರ ಹೋದೆ. ತೆರೆದು ನೋಡಿದರೆ ಸೂರ್ಯ ಗೆರೆಯೊಳಗೇ ಇದ್ದಾನೆ. ಕೂದಲೆಳೆಯಷ್ಟೂ ಕದಲಿಲ್ಲ. ನನಗೆ ಅಳುವೇ ಬಂತು.

ಸಾಹೇಬರು ಕುರ್ಚಿ ಹಾಕಿಸಿಕೊಂಡು ಆ ಕಾಗದವನ್ನು ಕಾಲು ಗಂಟೆ ದಿಟ್ಟಿಸಿದರು.

"ಏನ್ರೀ ಇದು? ಅಲ್ಲಾಡ್ತಾನೇ ಇಲ್ಲ. ಮೋಟಾರು ಕೆಟ್ಟಿದೆಯೋ?"

"ಸಾರ್, ಮೋಟಾರು ನಡೀತಾ ಇರೋದಕ್ಕೇ ಸೂರ್ಯ ನಿಂತಿರೋದು."

"ನಡೆಯೋ ಮೋಟಾರಿನಲ್ಲಿ ಏನಾದರೂ ಓಡಬೇಕಲ್ರೀ!"

ಅಷ್ಟರಲ್ಲಿ ರಾಹುಕಾಲವೂ ಮುಗಿದಿತ್ತು. ವ್ಯತ್ಯಾಸ ತೋರಿಸೋಣವೆಂದು ಸ್ವಿಚ್ಚು ಆರಿಸಿದೆ. ಸೂರ್ಯ ಮೆಲ್ಲಗೆ ಗೆರೆ ದಾಟಿ ಕಾಗದದ ಅಂಚಿಗೆ ಜಾರಿದ.

ಸಾಹೇಬರು ಕುರ್ಚಿಯಿಂದ ಎದ್ದೇ ಬಿಟ್ಟರು. "ಹಾ! ಈಗ ಓಡ್ತು ನೋಡಿ! ಭೇಷ್!"

ಅಲ್ಲೇ ವಿಸಿಟ್ ಪುಸ್ತಕದಲ್ಲಿ ಬರೆದರು: 'ಯಂತ್ರ ಉತ್ತಮವಾಗಿದೆ. ಸ್ವಿಚ್ಚು ಮಾತ್ರ ಹಿಂದುಮುಂದಾಗಿದೆ. ಹಾಕಿದರೆ ನಿಲ್ಲುತ್ತದೆ, ಆರಿಸಿದರೆ ಓಡುತ್ತದೆ. ಅದನ್ನು ಸರಿಪಡಿಸುವ ತನಕ ಈ ಮೇಷ್ಟ್ರನ್ನು ಕೆಲಸದಿಂದ ಬಿಡಿಸತಕ್ಕದ್ದಲ್ಲ.'

ವಿವರಿಸಲು ಬಾಯಿ ತೆರೆದೆ. ಹೆಡ್‌ಮಾಸ್ತರರು ನನ್ನ ಕಾಲು ತುಳಿದರು.

ನಾನು ಪೆನ್ಶನ್ ತೆಗೆದುಕೊಳ್ಳುವವರೆಗೂ ಆ ಸ್ವಿಚ್ಚು ಸರಿಹೋಗಲಿಲ್ಲ.